ಅವ್ವಗ ಏನ್ ಬೇಕಿತ್ತು? ಬುಕ್ ಕೋಚ್ ಕೇಳಿದ ಪ್ರಶ್ನೆ, ಹಲಸಂಗಿ ಕೊಟ್ಟ ಉತ್ತರ

ಕತೆ ಬರೆಯುವ ಆಸೆ ಇಟ್ಟುಕೊಂಡ ಸಾಫ್ಟ್‌ವೇರ್ ಮಂದಿ ಬೆಂಗಳೂರಿನಲ್ಲಿ ಕಡಿಮೆ ಏನಿಲ್ಲ. ಫೋನಿನ ನೋಟ್ಸ್‌ನಲ್ಲಿ ಅರ್ಧ ಕತೆ, ಗೂಗಲ್ ಡಾಕ್‌ನಲ್ಲಿ ಮೂರು ಅಧ್ಯಾಯ, ಮೆಟ್ರೋದಲ್ಲಿ ನಿಂತಾಗ ಹೊಳೆದ ಒಂದು ಪಾತ್ರದ ಹೆಸರು. ನಿಮ್ಮ ಫೋನಿನಲ್ಲೂ ಇರಬಹುದು, ಒಮ್ಮೆ ನೋಡಿಕೊಳ್ಳಿ. ಬರೆದದ್ದನ್ನು ಗೆಳೆಯರಿಗೆ ಕಳಿಸಿದರೆ "ಸೂಪರ್ ಮಗಾ" ಅಂತ ಉತ್ತರ ಬರುತ್ತದೆ, ಜೊತೆಗೆ ಎರಡು ಬೆಂಕಿ ಇಮೋಜಿ. ಅಲ್ಲಿಗೆ ಮುಗೀತು. ಕತೆ ಎಲ್ಲಿ ನಿಂತಿತ್ತೋ ಅಲ್ಲೇ ನಿಂತಿರುತ್ತದೆ.

ಕಳೆದ ವರ್ಷ ಆರು ತಿಂಗಳು ನಾನು ಒಬ್ಬ ಬುಕ್ ಕೋಚ್ ಜೊತೆ ಕೆಲಸ ಮಾಡಿದೆ. ನಮ್ಮದು ವಿಜಯಪುರ ಜಿಲ್ಲೆ, ಇಂಡಿ ಸೀಮೆ, ಹಲಸಂಗಿ ಕಡೆ. ಬರೆಯುತ್ತಿರುವ ಕಾದಂಬರಿಯೂ ಆ ಕಡೆಯದೇ: ಒಂದು ಬರದ ವರ್ಷ, ಒಂದು ಲಿಂಬಿ ತೋಟ, ಒಂದು ಮನೆ. "ಕತೆ ಬರೆಯೋಕೂ ಕೋಚಿಂಗಾ?" ಅಂತ ಆಫೀಸಿನಲ್ಲಿ ನಕ್ಕವರಿದ್ದಾರೆ. ಅವರಿಗೂ, ನಗದೆ ಮೆಲ್ಲಗೆ "ಅದು ಹೇಗೆ ನಡೆಯುತ್ತೆ?" ಅಂತ ವಿಚಾರಿಸಿದವರಿಗೂ ಸೇರಿಸಿ ಈ ಬರಹ.

ಕೋಚ್ ಏನು ಮಾಡುತ್ತಾರೆ, ಏನು ಮಾಡುವುದಿಲ್ಲ

ಮೊದಲು ಗೊಂದಲ ಬಗೆಹರಿಸೋಣ. ಕರಡು ತಿದ್ದುವವರು ಅಕ್ಷರದೋಷ ನೋಡುತ್ತಾರೆ. ಪ್ರಕಾಶಕರ ಕಡೆಯ ಸಂಪಾದಕರು ಮುಗಿದ ಹಸ್ತಪ್ರತಿಯನ್ನು ಪುಸ್ತಕಕ್ಕೆ ಸಜ್ಜು ಮಾಡುತ್ತಾರೆ. ದುಡ್ಡು ತಗೊಂಡು ನಿಮ್ಮ ಹೆಸರಿನಲ್ಲಿ ಬರೆದುಕೊಡುವವರು ಬೇರೆ. ಬುಕ್ ಕೋಚ್ ಇವರ್ಯಾರೂ ಅಲ್ಲ. ಪುಸ್ತಕ ಇನ್ನೂ ಅರ್ಧದಲ್ಲಿರುವಾಗಲೇ ನಿಮ್ಮ ಜೊತೆ ಕೂತು, ಬರೆದಷ್ಟನ್ನು ಓದಿ, ಪ್ರಶ್ನೆ ಕೇಳುವವರು.

ನಮ್ಮ ವೃತ್ತಿಯವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಕೋಡ್ ರಿವ್ಯೂ ಮಾಡುವ ಒಳ್ಳೆಯ ಸೀನಿಯರ್ ನಿಮ್ಮ ಕೋಡನ್ನು ತಾವೇ ಬರೆದುಕೊಡುವುದಿಲ್ಲ. "ಈ ಫಂಕ್ಷನ್ ಇಲ್ಲಿ ಯಾಕಿದೆ? ತೆಗೆದರೆ ಏನು ಒಡೆಯುತ್ತೆ?" ಅಂತ ಕೇಳುತ್ತಾರೆ. ಉತ್ತರ ಇದ್ದರೆ ಉಳಿಯುತ್ತದೆ, ಇಲ್ಲದಿದ್ದರೆ ನೀವೇ ತೆಗೆಯುತ್ತೀರಿ. ಕೋಚ್ ಮಾಡುವುದೂ ಇದನ್ನೇ. ಫಂಕ್ಷನ್ ಬದಲು ದೃಶ್ಯ, ಅಷ್ಟೆ.

ನಮ್ಮ ಕ್ರಮ ಹೀಗಿತ್ತು. ಬುಧವಾರ ರಾತ್ರಿಯೊಳಗೆ ಒಂದು ದೃಶ್ಯ ಕಳಿಸಬೇಕು. ಶನಿವಾರ ಬೆಳಿಗ್ಗೆ ಒಂದು ತಾಸು ವಿಡಿಯೋ ಕಾಲ್. ಮೇಡಂ ಮೈಸೂರಿನ ಕಡೆಯವರು, ಮೃದು ಮಾತು. ಅವರ ಟಿಪ್ಪಣಿಗಳಲ್ಲಿ ಪೂರ್ಣವಿರಾಮಕ್ಕಿಂತ ಪ್ರಶ್ನಾರ್ಥಕ ಚಿಹ್ನೆಯೇ ಜಾಸ್ತಿ. ಆರು ತಿಂಗಳಲ್ಲಿ ಅವರು ನನಗೆ ಒಂದೇ ಒಂದು ವಾಕ್ಯವನ್ನೂ ಬರೆದುಕೊಟ್ಟಿಲ್ಲ.

ದೃಶ್ಯ ಅಂದರೆ ವರ್ಣನೆ ಅಲ್ಲ

ಈ ಕೋಚ್‌ಗಳು ಬಳಸುವ ಹತಾರಗಳು ಹೊಸವೇನಲ್ಲ. ಅಮೆರಿಕದ ಡ್ವೈಟ್ ಸ್ವೇನ್ ಅನ್ನುವ ಲೇಖಕ 1965ರಲ್ಲಿ 'ಟೆಕ್ನಿಕ್ಸ್ ಆಫ್ ದಿ ಸೆಲ್ಲಿಂಗ್ ರೈಟರ್' ಅಂತ ಒಂದು ಪುಸ್ತಕ ಬರೆದ. ಅವನ ಲೆಕ್ಕ ಸರಳ. ಒಂದು ದೃಶ್ಯದಲ್ಲಿ ಮೂರು ಇರಬೇಕು: ಪಾತ್ರಕ್ಕೆ ಏನೋ ಬೇಕು, ಅದಕ್ಕೆ ಅಡ್ಡಿ ಬರಬೇಕು, ಕೊನೆಗೆ ಪರಿಸ್ಥಿತಿ ಮೊದಲಿಗಿಂತ ಬಿಗಡಾಯಿಸಬೇಕು. ಅದಾದ ಮೇಲೆ ಬರುವ ಭಾಗದಲ್ಲಿ ಇನ್ನೂ ಮೂರು: ಪಾತ್ರ ಆ ಪೆಟ್ಟು ತಿಂದು ಚೇತರಿಸಿಕೊಳ್ಳುವುದು, ಇಕ್ಕಟ್ಟಿನಲ್ಲಿ ಸಿಲುಕುವುದು, ಒಂದು ನಿರ್ಧಾರಕ್ಕೆ ಬರುವುದು. ಆ ನಿರ್ಧಾರವೇ ಮುಂದಿನ ದೃಶ್ಯದ ಬಾಗಿಲು.

ಅಂದರೆ ಒಂದು ದೃಶ್ಯದ ಶುರುವಿಗೂ ಕೊನೆಗೂ ನಡುವೆ ಏನಾದರೂ ಬದಲಾಗಿರಬೇಕು. ಬಿಸಿಲು ಎಷ್ಟೇ ಚೆಂದ ಸುಟ್ಟರೂ, ಕಣ್ಣೀರು ಎಷ್ಟೇ ಹರಿದರೂ, ಏನೂ ಬದಲಾಗದಿದ್ದರೆ ಅದು ಚಿತ್ರಪಟ. ಓದುಗ ಒಮ್ಮೆ ನೋಡಿ ಮುಂದಕ್ಕೆ ಸ್ಕ್ರಾಲ್ ಮಾಡುತ್ತಾನೆ.

ಟ್ಯಾಂಕರ್ ಬಂದ ದಿನ

ಇದನ್ನು ಒಂದು ಉದಾಹರಣೆಯಿಂದಲೇ ಹೇಳುತ್ತೇನೆ. ಇಂಡಿ ಸೀಮೆಯ ಲಿಂಬಿ ಹಣ್ಣಿಗೆ ದೊಡ್ಡ ಹೆಸರಿದೆ. ಆದರೆ ಬರ ಬಂದ ವರ್ಷ ಬೋರ್‌ವೆಲ್ ಬತ್ತಿದರೆ ಗಿಡ ಉಳಿಸಿಕೊಳ್ಳಲು ಟ್ಯಾಂಕರ್ ನೀರು ಕೊಳ್ಳಬೇಕು. ಹಣ್ಣು ಮಾರಿ ಬಂದ ರೊಕ್ಕಕ್ಕಿಂತ ನೀರಿನ ರೊಕ್ಕವೇ ಜಾಸ್ತಿ ಆಗುವ ದಿನಗಳವು. ನಾನು ಪಿಯುಸಿ ಮುಗಿಸಿ ಎಂಜಿನಿಯರಿಂಗ್ ಸೇರಬೇಕಾದ ವರ್ಷ ನಮ್ಮ ತೋಟ ಹೋಯಿತು. ಕಾದಂಬರಿಯ ನಡುಮಧ್ಯ ಇರುವುದು ಆ ದಿನವೇ.

ಮೊದಲ ಕರಡಿನಲ್ಲಿ ದೃಶ್ಯ ಹೀಗೆ ಶುರುವಾಗುತ್ತಿತ್ತು: "ಬಿಸಿಲು ಕೆಂಡದಂತೆ ಸುರಿಯುತ್ತಿತ್ತು. ಗಿಡಗಳು ಬಾಡಿ ನಿಂತಿದ್ದವು. ಅಪ್ಪ ಆಕಾಶ ನೋಡಿ ನಿಟ್ಟುಸಿರು ಬಿಟ್ಟ. ಬಾಗಿಲಲ್ಲಿ ನಿಂತ ಅವ್ವನ ಕಣ್ಣು ತುಂಬಿ ಬಂತು."

ಶನಿವಾರ ಮೇಡಂ ಕೇಳಿದ್ದು ಒಂದೇ ಪ್ರಶ್ನೆ. "ಈ ದೃಶ್ಯದಲ್ಲಿ ಅವ್ವನಿಗೆ ಏನು ಬೇಕು?"

"ಮಳೆ ಬೇಕು," ಅಂದೆ.

"ಮಳೆ ಎಲ್ಲರಿಗೂ ಬೇಕು. ಆ ಹೊತ್ತಿನಲ್ಲಿ, ಆ ಬಾಗಿಲಲ್ಲಿ ನಿಂತುಕೊಂಡು ಅವರಿಗೆ ಏನು ಬೇಕು? ನಿಮಗೆ ಗೊತ್ತಿದೆಯಾ?"

ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಆ ಕತೆಯನ್ನು ಹೇಳುವ ರೀತಿಯೇ ಬೇರೆ. ಮದುವೆ, ಜಾತ್ರೆ ಎಲ್ಲಿ ಸೇರಿದರೂ ಬೀಗರು ಹೇಳುವುದು "ಮಗನ ಓದಿಗಾಗಿ ಅಪ್ಪ ತೋಟಾ ಕಡಿಸಿದ" ಅಂತ. ಅದರಲ್ಲಿ ಅವ್ವನ ಹೆಸರು ಬರುವುದಿಲ್ಲ. ಅವಳೂ ಎಂದೂ ಬಾಯಿ ಬಿಟ್ಟವಳಲ್ಲ. ಆವತ್ತು ಸಂಜೆ ಊರಿಗೆ ಫೋನ್ ಹಚ್ಚಿದೆ.

"ಯವ್ವ, ಆ ವರ್ಷ ಲಿಂಬಿ ಗಿಡ ಕಡೀರಿ ಅಂದವರು ಯಾರ ಬೇ?"

"ಈಗ್ಯಾಕಪಾ ಆ ಮಾತು?"

"ಬರಿಯಾಕ ಬೇಕಾಗೇತಿ."

ಸ್ವಲ್ಪ ಹೊತ್ತು ಏನೂ ಮಾತಿಲ್ಲ. ಆಮೇಲೆ ಅಂದಳು: "ನಾನಽ ಅಂದೆ. ನಿಮ್ಮಪ್ಪ ಎರಡು ದಿನ ಸರಿಯಾಗಿ ಉಣಲಿಲ್ಲ. ಆ ಗಿಡಾ ಹಚ್ಚಿದಾಕಿ ನಾ, ಕೊಡದಾಗ ನೀರ ಹೊತ್ತು ಹಾಕಿದಾಕಿ ನಾ. ಕಡೀರಿ ಅನ್ನೂದು ನನಗಽ ಬಿಟ್ಟಿದ್ದು. ಗಿಡಾ ಮತ್ತ ಹಚ್ಚಾಕ ಬರತೈತಿ. ನಿನ್ನ ವರ್ಷ ಹೋದ್ರ ಎಲ್ಲಿಂದ ತರೂದು?"

ಹನ್ನೆರಡು ವರ್ಷದಿಂದ ನಮ್ಮ ಮನೆಯಲ್ಲೇ ಇದ್ದ ಮಾತು. ಕೇಳುವವರು ಇರಲಿಲ್ಲ.

ಮುಂದಿನ ಬುಧವಾರ ಕಳಿಸಿದ ದೃಶ್ಯದಲ್ಲಿ ಬಿಸಿಲಿನ ಮಾತೇ ಇರಲಿಲ್ಲ. ಒಂದು ತುಣುಕು ಇಲ್ಲಿದೆ:

ಟ್ಯಾಂಕರಿನವನು ಇಂಜಿನ್ ಬಂದ್ ಮಾಡಲಿಲ್ಲ.

"ಕಾಕಾ, ಮೊದಲ ರೊಕ್ಕ. ಹಿಂದಿನ ಎರಡು ಟ್ಯಾಂಕರಿಂದೂ ಉಳದೈತಿ."

ಅಪ್ಪ ಅವ್ವನ ಕಡೆ ನೋಡಿದ. ಅವ್ವ ಹಿಟ್ಟಿನ ಡಬ್ಬಿಯ ಮುಚ್ಚಳದ ಮೇಲೆ ಕೈ ಇಟ್ಟಳು.

"ಅದರಾಗಿಂದು ತಗಿ."

"ಅದು ತಮ್ಮನ ಕಾಲೇಜಿಂದು."

"ಗಿಡಾ ಉಳದ್ರ ಮುಂದಿನ ವರ್ಷ ಎರಡರಷ್ಟು ಬರತೈತಿ."

"ಕಾಲೇಜು ಮುಂದಿನ ವರ್ಷದ ತನಕ ಕಾಯಂಗಿಲ್ಲ." ಅವ್ವ ಮುಚ್ಚಳ ಬಿಗಿ ಮಾಡಿದಳು. "ಗಿಡಾ ಕಡೀರಿ."

ಟ್ಯಾಂಕರ್ ತಿರುಗಿ ಹೋಯಿತು. ಹಾದಿಯುದ್ದಕ್ಕೂ ತುಳುಕಿದ ನೀರು ಮಣ್ಣಿನಲ್ಲಿ ಇಂಗುವುದನ್ನು ಅವ್ವ ನೋಡುತ್ತ ನಿಂತಳು.

ಸ್ವೇನ್ ಹೇಳಿದ ಮೂರೂ ಇದರಲ್ಲಿವೆ. ಬೇಕಾದದ್ದಿದೆ, ಅಡ್ಡಿ ಇದೆ, ಕೊನೆಗೆ ತೋಟ ಹೋಗಿದೆ. ಆದರೆ ಸೂತ್ರ ಹಿಡಿದುಕೊಂಡು ಹೊರಟಿದ್ದರೆ ಈ ದೃಶ್ಯ ಸಿಗುತ್ತಿರಲಿಲ್ಲ. ಒಂದು ಪ್ರಶ್ನೆ ಹಿಡಿದುಕೊಂಡು ಅವ್ವನ ಹತ್ತಿರ ಹೋದದ್ದಕ್ಕೆ ಸಿಕ್ಕಿತು.

ಪ್ರಕಟಿಸುವ ಮೊದಲು ಇದನ್ನು ಮನೆಯವರಿಗೆ ಕೇಳಿಸಬೇಕು ಅಂತ ಮೇಡಂ ಒತ್ತಾಯ ಮಾಡಿದರು. ಮನೆಯವರ ಬದುಕಿನಿಂದ ಎತ್ತಿದ ಕತೆಗೆ ಅದು ಕನಿಷ್ಠ ಮರ್ಯಾದೆ. ಓದಿ ವಾಯ್ಸ್ ಮೆಸೇಜ್ ಕಳಿಸಿದೆ. ಅಪ್ಪನೂ ಕೇಳಿದರಂತೆ. ಎರಡು ದಿನ ಬಿಟ್ಟು ಒಂದೇ ತಿದ್ದುಪಡಿ ಹೇಳಿದರು: "ಅಂವ ನನಗ ಕಾಕಾ ಅನಲಿಲ್ಲೋ, ಸಾವಕಾರ್ರ ಅಂದಿದ್ದ." ಸಾಲ ಉಳಿಸಿಕೊಂಡವನಿಗೆ 'ಸಾವಕಾರ್ರ'. ಇಂಥ ಮಾತನ್ನು ಯಾವ ಕೋಚೂ ಕಲಿಸಲಾರರು. ಕಾದಂಬರಿಯಲ್ಲಿ ಈಗ ಅದೇ ಇದೆ.

ಇದೆಲ್ಲ ಇಂಗ್ಲಿಷಿನವರ ಲೆಕ್ಕ ಅಲ್ಲವೇ?

ಒಬ್ಬ ಗೆಳೆಯ ಕೇಳಿದ: "ಗುರಿ, ಅಡ್ಡಿ, ಪೆಟ್ಟು ಅಂತ ಅಮೆರಿಕದ ಅಚ್ಚಿನಲ್ಲಿ ಹಲಸಂಗಿ ಕತೆ ಎರಕ ಹೊಯ್ದರೆ ಹೇಗೆ?" ಪ್ರಶ್ನೆ ಸರಿಯಾಗಿದೆ. ಆದರೆ ನಮ್ಮ ಕಡೆಯವರಿಗೆ ಅಡ್ಡಿಯ ರುಚಿ ಹೊಸದಲ್ಲ. ಹರದೇಶಿ–ನಾಗೇಶಿ ಗೀಗೀ ಪದ ಕೇಳಿದವರಿಗೆ ಗೊತ್ತು. ಒಂದು ಮೇಳ ಗಂಡು ಹೆಚ್ಚು ಅಂತ ಹಾಡಿದರೆ ಇನ್ನೊಂದು ಮೇಳ ಹೆಣ್ಣು ಹೆಚ್ಚು ಅಂತ ಹಾಡುತ್ತದೆ. ಒಬ್ಬರ ಸವಾಲಿಗೆ ಇನ್ನೊಬ್ಬರ ಜವಾಬು, ದಪ್ಪಿನ ಪೆಟ್ಟಿನ ಮೇಲೆ, ಬೆಳಗಿನ ತನಕ. ಎರಡು ಕಡೆಯವರಿಗೂ ಗಟ್ಟಿ ವಾದ ಇರುವುದರಿಂದಲೇ ಜನ ಏಳದೆ ಕೂತಿರುತ್ತಾರೆ. ನನ್ನ ದೃಶ್ಯದಲ್ಲಿ ಅಪ್ಪನ ವಾದವೂ ಗಟ್ಟಿಯೇ. ಗಿಡ ಉಳಿಸಿದರೆ ಮುಂದೆ ಬದುಕು ಉಳಿಯುತ್ತದೆ. ಅವನು ಬರೀ ಹಟಮಾರಿ ಆಗಿದ್ದರೆ ಅವ್ವನ ಮಾತಿಗೆ ತೂಕ ಇರುತ್ತಿರಲಿಲ್ಲ.

ಇನ್ನು ಬರೆದದ್ದನ್ನು ಇನ್ನೊಬ್ಬರ ಮುಂದೆ ಇಡುವ ಪದ್ಧತಿ. ಅದಕ್ಕಂತೂ ಹಲಸಂಗಿಗಿಂತ ದೂರ ಹೋಗಬೇಕಿಲ್ಲ. ಮಧುರಚೆನ್ನ (1903–1953), ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಇವರನ್ನೇ ಕನ್ನಡ ಸಾಹಿತ್ಯ 'ಹಲಸಂಗಿ ಗೆಳೆಯರು' ಅಂತ ಕರೆಯುವುದು. ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡುತ್ತಿದ್ದ ಹಾಡುಗಳನ್ನು ಕೇಳಿ, ಬರೆದುಕೊಂಡು, 1931ರಲ್ಲಿ 'ಗರತಿಯ ಹಾಡು' ತಂದರು. 1933ರಲ್ಲಿ ಲಾವಣಿಗಳ 'ಜೀವನ ಸಂಗೀತ', 1935ರಲ್ಲಿ 'ಮಲ್ಲಿಗೆ ದಂಡೆ' ಬಂದವು. ಧಾರವಾಡದ ಬೇಂದ್ರೆ ಈ ಬಳಗಕ್ಕೆ ಆಪ್ತರು. ಅತ್ತ ಧಾರವಾಡದಲ್ಲಿ ಬೇಂದ್ರೆಯವರ ಗೆಳೆಯರ ಗುಂಪು. 1933ರಲ್ಲಿ ಜಿ.ಬಿ. ಜೋಶಿಯವರು ಶುರು ಮಾಡಿದ ಮನೋಹರ ಗ್ರಂಥಮಾಲೆಯ 'ಅಟ್ಟ'ದಲ್ಲಿ ಮುಂದೆ ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರ ಒಡನಾಟ. ಗಿರೀಶ ಕಾರ್ನಾಡರ ಮೊದಲ ನಾಟಕ 'ಯಯಾತಿ' 1961ರಲ್ಲಿ ಪ್ರಕಟವಾದದ್ದು ಆ ಮಾಲೆಯಿಂದಲೇ.

ಅಂಥ ಬಳಗದಲ್ಲಿ ಸಿಗುವ ಓದನ್ನೇ ನಾವು ಇವತ್ತು ಶನಿವಾರ ಬೆಳಿಗ್ಗೆ ಒಂದು ತಾಸಿಗೆ ಇಷ್ಟು ಅಂತ ಕೊಂಡುಕೊಳ್ಳುತ್ತಿದ್ದೇವೆ. ಊರು ಬಿಟ್ಟು ಬಂದು ಪಿ.ಜಿ.ಯಲ್ಲಿ, ಅಪಾರ್ಟ್‌ಮೆಂಟಿನಲ್ಲಿ ಒಬ್ಬೊಬ್ಬರೇ ಇರುವವರಿಗೆ ಅಂಥ ಬಳಗ ತಾನಾಗಿ ಸಿಗುವುದಿಲ್ಲ. ಅದಕ್ಕೇ ಕೋಚ್ ಅನ್ನುವ ವೃತ್ತಿಗೆ ಜಾಗ ಆಗಿದೆ.

"ಗಿಡ ಹಚ್ಚಿದರೆ ಸುಟ್ಟು ಹೋಗಲ್ಲವಾ?"

ನಮ್ಮಿಬ್ಬರ ನಡುವೆ ಗಟ್ಟಿ ಚರ್ಚೆ ನಡೆದದ್ದು ಭಾಷೆಯ ಮೇಲೆ. ಅವ್ವನ ಮಾತಿನಲ್ಲಿ "ಗಿಡಾ ಹಚ್ಚಿದಾಕಿ ನಾ" ಅಂತ ಬಂದಾಗ ಮೇಡಂ ಗಾಬರಿಯಾದರು. ಮೈಸೂರಿನ ಕಡೆ ಹಚ್ಚುವುದು ಅಂದರೆ ದೀಪ ಹಚ್ಚುವುದು, ಬೆಂಕಿ ಹಚ್ಚುವುದು. ತಾನೇ ಗಿಡಕ್ಕೆ ಬೆಂಕಿ ಇಟ್ಟ ಹೆಂಗಸು ಅಂತ ಅವರು ಓದಿಕೊಂಡಿದ್ದರು! ನಮ್ಮ ಕಡೆ ಗಿಡ ಹಚ್ಚುವುದು ಅಂದರೆ ನೆಡುವುದು.

"ಎಲ್ಲ ಓದುಗರೂ ನಿಮ್ಮ ಊರಿನವರಲ್ಲ. ಮಾತುಗಳನ್ನು ಸ್ವಲ್ಪ ಪುಸ್ತಕದ ಕನ್ನಡಕ್ಕೆ ತರೋಣವಾ?" ಅಂದರು.

ನಾನು ಒಪ್ಪಲಿಲ್ಲ. ಅವ್ವ "ಈ ಗಿಡಗಳನ್ನು ನೆಟ್ಟವಳು ನಾನು" ಅಂದುಬಿಟ್ಟರೆ ಆ ಬಾಗಿಲಲ್ಲಿ ನಿಂತವಳು ನಮ್ಮ ಅವ್ವ ಅಲ್ಲ, ಪಠ್ಯಪುಸ್ತಕದ ತಾಯಿ. ದೇವನೂರ ಮಹಾದೇವರ 'ಕುಸುಮಬಾಲೆ' ನಂಜನಗೂಡಿನ ಕಡೆಯ ಮಾತಿನಲ್ಲಿದೆ. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಆ ಪುಸ್ತಕವನ್ನು ವಿಜಯಪುರದವರು ನಿಧಾನಕ್ಕೆ, ಬಾಯಿಬಿಟ್ಟು ಓದಿಕೊಂಡೇ ಪ್ರೀತಿಸಿದ್ದೇವೆ. ಹಲಸಂಗಿ ಗೆಳೆಯರು ಗರತಿಯರ ಬಾಯಿಂದ ಬಂದ ಮಾತನ್ನು ಆ ಸೀಮೆಯ ಮಾತಾಗಿಯೇ ಅಚ್ಚು ಹಾಕಿಸಿದರು. ಅದು ಇಡೀ ಕನ್ನಡದ ಆಸ್ತಿಯಾಯಿತು.

ಕೊನೆಗೆ ಹಾದಿ ಸಿಕ್ಕಿತು. ಅರ್ಥವನ್ನು ಅಡಿಟಿಪ್ಪಣಿಯಲ್ಲಿ ಹಾಕುವ ಬದಲು ಕೆಲಸದಲ್ಲಿ ತೋರಿಸುವುದು. ಈಗ ಅವ್ವ ಹೇಳುತ್ತಾಳೆ: "ತಗ್ಗ ತೋಡಿ ಗಿಡಾ ಹಚ್ಚಿದಾಕಿ ನಾ." ತಗ್ಗು ತೋಡಿದ ಮೇಲೆ ಯಾರೂ ಬೆಂಕಿ ಇಡುವುದಿಲ್ಲ. ಶಬ್ದ ಉಳಿಯಿತು, ಮೈಸೂರಿನ ಓದುಗರಿಗೂ ದಾರಿ ಆಯಿತು. ಮೇಡಂ ಆ ಗಾಬರಿಯನ್ನು ಮುಚ್ಚಿಡದೆ ಹೇಳಿದ್ದರಿಂದಲೇ ಇದು ಸಾಧ್ಯವಾದದ್ದು. "ಅರ್ಥ ಆಗಲಿಲ್ಲ" ಅಂತ ನೇರವಾಗಿ ಹೇಳುವ ಓದುಗರು ಸಿಗುವುದು ಅಪರೂಪ.

ಯಾರ ಕತೆ, ಯಾರ ಕತ್ತರಿ?

ಹೊರಗಿನವರ ಮಾತು ಕೇಳಿದರೆ ಒಳ್ಳೆಯದೂ ಆಗುತ್ತದೆ, ಪೇಚಿಗೂ ಸಿಲುಕಬಹುದು. ಎರಡಕ್ಕೂ ಪ್ರಸಿದ್ಧ ಉದಾಹರಣೆಗಳಿವೆ.

ಹಾರ್ಪರ್ ಲೀ 1957ರಲ್ಲಿ ತಮ್ಮ ಹಸ್ತಪ್ರತಿಯನ್ನು ಲಿಪಿನ್‌ಕಾಟ್ ಪ್ರಕಾಶನಕ್ಕೆ ಕೊಟ್ಟರು. ಅದರಲ್ಲಿ ನಾಯಕಿ ದೊಡ್ಡವಳಾಗಿ ಊರಿಗೆ ವಾಪಸ್ ಬರುತ್ತಾಳೆ. ಸಂಪಾದಕಿ ಟೇ ಹೊಹಾಫ್ ಅದರೊಳಗಿನ ಬಾಲ್ಯದ ಭಾಗಗಳನ್ನು ಗುರುತಿಸಿದರು. ಎರಡು ವರ್ಷಕ್ಕೂ ಹೆಚ್ಚು ಕಾಲ ತಿದ್ದಿ ತಿದ್ದಿ ಬರೆದ ಮೇಲೆ 1960ರಲ್ಲಿ ಬಂದದ್ದೇ 'ಟು ಕಿಲ್ ಎ ಮಾಕಿಂಗ್‌ಬರ್ಡ್'. ಬರೆದದ್ದು ಪೂರ್ತಿ ಲೀ ಅವರೇ. ಮೊದಲಿನ ಹಸ್ತಪ್ರತಿ 2015ರಲ್ಲಿ 'ಗೋ ಸೆಟ್ ಎ ವಾಚ್‌ಮನ್' ಅಂತ ಹೊರಬಂತು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ತಿದ್ದುವುದು ಅಂದರೆ ಏನು ಅಂತ ಗೊತ್ತಾಗುತ್ತದೆ.

ಇನ್ನೊಂದು ರೇಮಂಡ್ ಕಾರ್ವರ್ ಕತೆ. 1981ರ ಅವರ ಕಥಾಸಂಕಲನವನ್ನು ಸಂಪಾದಕ ಗಾರ್ಡನ್ ಲಿಶ್ ಎಷ್ಟು ಕತ್ತರಿಸಿದರೆಂದರೆ ಹಸ್ತಪ್ರತಿಯ ಅರ್ಧಕ್ಕಿಂತ ಹೆಚ್ಚು ಭಾಗ ಹೋಯಿತು. ಪುಸ್ತಕ ಹೆಸರು ಮಾಡಿತು, ಆದರೆ ಕಾರ್ವರ್ ಸಂಕಟಪಟ್ಟರು. ಅವರ ಮೂಲ ರೂಪ 'ಬಿಗಿನರ್ಸ್' ಹೆಸರಿನಲ್ಲಿ ಬಂದದ್ದು ಅವರು ತೀರಿಕೊಂಡು ಎಷ್ಟೋ ವರ್ಷದ ಮೇಲೆ, 2009ರಲ್ಲಿ.

ಕೇಳಿಸಿಕೊಂಡು ಬರೆಯುವವರು ನಾವು, ಕತ್ತರಿಯೂ ನಮ್ಮ ಕೈಯಲ್ಲೇ ಇರಬೇಕು. ಕೋಚ್ "ಇಲ್ಲಿ ನನಗೆ ಬೇಸರ ಬಂತು" ಅಂದರೆ ಅದು ಅಮೂಲ್ಯ. "ಇಲ್ಲಿ ಹೀಗೆ ಬರೆಯಿರಿ" ಅಂದರೆ ಒಂದು ದಿನ ಸುಮ್ಮನಿದ್ದು ಯೋಚಿಸಿ.

ನೀವೂ ಶುರು ಮಾಡುವುದಾದರೆ

ಕೋಚ್ ಹುಡುಕುವಾಗ ಇಡೀ ಪುಸ್ತಕಕ್ಕೆ ಒಪ್ಪಂದ ಮಾಡಿಕೊಳ್ಳಬೇಡಿ. ಮೊದಲು ಒಂದೇ ದೃಶ್ಯ ಕಳಿಸಿ, ಒಂದೇ ಸೆಷನ್‌ಗೆ ದುಡ್ಡು ಕೊಟ್ಟು ನೋಡಿ. ಅವರು ಪ್ರಶ್ನೆ ಕೇಳುತ್ತಾರೋ, ಭಾಷಣ ಮಾಡುತ್ತಾರೋ ಗಮನಿಸಿ. ಕನ್ನಡದ ಕತೆಗಳನ್ನು ಓದಿದ್ದಾರೆಯೇ ಅಂತ ಕೇಳಲು ಸಂಕೋಚ ಬೇಡ. "ಪುಸ್ತಕ ಬೆಸ್ಟ್‌ಸೆಲ್ಲರ್ ಆಗುತ್ತೆ" ಅಂತ ಮಾತು ಕೊಡುವವರಿಂದ ದೂರ ಇರಿ.

ದುಡ್ಡಿಲ್ಲವೇ? ಮೂವರು ಸೇರಿ ತಿಂಗಳಿಗೊಂದು ಭಾನುವಾರ ಕೂತುಕೊಳ್ಳಿ. ಬರೆದವರು ಗಟ್ಟಿಯಾಗಿ ಓದಲಿ. ಉಳಿದವರು "ಸೂಪರ್" ಅನ್ನುವ ಹಾಗಿಲ್ಲ, ಮೂರು ಪ್ರಶ್ನೆ ಮಾತ್ರ ಕೇಳಬೇಕು: ಇಲ್ಲಿ ಯಾರಿಗೆ ಏನು ಬೇಕು? ಯಾರು ಅಡ್ಡ ಬರುತ್ತಾರೆ? ಕೊನೆಗೆ ಏನು ಬದಲಾಯಿತು? ಉತ್ತರ ಹೊಳೆಯದಿದ್ದರೆ, ಆ ಉತ್ತರ ಗೊತ್ತಿರುವ ಮನುಷ್ಯರು ಇನ್ನೂ ಊರಿನಲ್ಲಿದ್ದಾರೆಯೇ ಯೋಚಿಸಿ. ಇದ್ದರೆ ಇವತ್ತೇ ಫೋನ್ ಮಾಡಿ. ನಮ್ಮ ಅಜ್ಜಿ, ಅವ್ವ, ಕಾಕಾಗಳ ನೆನಪಿಗೆ ಬ್ಯಾಕಪ್ ಇಲ್ಲ.

ಅಂದ ಹಾಗೆ, ಲೇಖಕರ ಮೊದಲ ಸ್ವತಂತ್ರ ಕೃತಿಗೆ ಕರ್ನಾಟಕ ಸಾಹಿತ್ಯ ಅಕಾಡೆಮಿ ಕೊಡುವ ದತ್ತಿ ಬಹುಮಾನ ಇರುವುದು ಹಲಸಂಗಿಯ ಮಧುರಚೆನ್ನರ ಹೆಸರಿನಲ್ಲಿ. ಬಹುಮಾನ ಬರಲಿ ಬಿಡಲಿ, ಮೊದಲ ಪುಸ್ತಕ ಬರೆಯುವವರಿಗೆ ಆ ಹೆಸರು ಗೊತ್ತಿದ್ದರೆ ಒಳ್ಳೆಯದು. ನನ್ನ ಕಾದಂಬರಿಯಲ್ಲಿ ಇನ್ನೂ ಹನ್ನೊಂದು ದೃಶ್ಯ ಬಾಕಿ ಇವೆ. ಮುಂದಿನದರಲ್ಲಿ ಅಪ್ಪ ಕೊಡಲಿ ಹಿಡಿದು ತೋಟಕ್ಕೆ ಹೋಗುತ್ತಾನೆ. ಅವನಿಗೆ ಏನು ಬೇಕಿತ್ತು ಅಂತ ಈ ಸಲ ಊರಿಗೆ ಹೋದಾಗ ಅವರನ್ನೇ ಕೇಳಬೇಕು.